ಬಾಯಿ ಕಟ್ಟಿಲ್ಲವೆಂದು ಹಂಗಿಸುವ ಮೊದಲು

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಚುಚ್ಚುಮದ್ದುಗಳ ಕುರಿತು ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ಬರುತ್ತಿರುವುದನ್ನು ಗಮನವಿಟ್ಟು ಓದುತ್ತ, ನೋಡುತ್ತ ಬಂದಿದ್ದೇನೆ. ವಾರಕ್ಕೊಂದು ಸೂಜಿ ಚುಚ್ಚಿಕೊಂಡರೆ ಕೊಬ್ಬು ತಾನಾಗಿ ಕರಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬಾಯಿ ಕಟ್ಟಲಾರದ ದುಡ್ಡಿದ್ದವರು ಹಿಡಿದ ಅಡ್ಡದಾರಿ ಇದು ಎಂದು ಮತ್ತೆ ಕೆಲವರು ಹೇಳುತ್ತಾರೆ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಈ ಎರಡು ಮಾತುಗಳಿಂದಲೂ ನೋವಾಗಿದೆ, ಏಕೆಂದರೆ ಎರಡೂ ನಿಜವಲ್ಲ, ಎರಡರಿಂದಲೂ ಜನಕ್ಕೆ ತೊಂದರೆಯಾಗುವುದನ್ನು ಹತ್ತಿರದಿಂದ ಕಂಡಿದ್ದೇನೆ. ನಾನು ವೈದ್ಯನಲ್ಲ. ನನ್ನ ತಂಗಿ ಹತ್ತು ತಿಂಗಳಿಂದ ಈ ಮದ್ದು ತೆಗೆದುಕೊಳ್ಳುತ್ತಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಈ ಪತ್ರ ಬರೆಯುತ್ತಿದ್ದೇನೆ.

ತಂಗಿಗೆ ಈಗ ನಲವತ್ತೆಂಟು ವರ್ಷ. ಎರಡನೇ ಹೆರಿಗೆಯ ನಂತರ ಏರತೊಡಗಿದ ಅವಳ ತೂಕ 96 ಕಿಲೋಗೆ ಬಂದು ನಿಂತಿತ್ತು. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ, ಬಿ.ಪಿ. ಬಂದು ಐದು ವರ್ಷ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಅವಳು ಮಾಡದ ಪಥ್ಯವಿಲ್ಲ. ರಾತ್ರಿಯ ಅನ್ನ ಬಿಟ್ಟಳು, ಬೆಳಿಗ್ಗೆ ಬರೀ ಬೂದುಗುಂಬಳದ ರಸ ಕುಡಿದಳು, ಒಂದು ವರ್ಷವಂತೂ ವಾರಕ್ಕೆ ಎರಡು ದಿನ ಉಪವಾಸವಿದ್ದಳು. ಪ್ರತಿ ಸಲವೂ ಆರೇಳು ಕಿಲೋ ಇಳಿಯುತ್ತಿತ್ತು, ವರ್ಷ ತುಂಬುವುದರೊಳಗೆ ಎಂಟೊಂಬತ್ತು ಕಿಲೋ ಏರುತ್ತಿತ್ತು. ಮದುವೆ, ನಾಮಕರಣ, ತಿಥಿ ಎಂದು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ 'ಸ್ವಲ್ಪ ಬಾಯಿ ಕಟ್ಟಮ್ಮ' ಎನ್ನುವವರು ಒಬ್ಬರಾದರೂ ಇರುತ್ತಿದ್ದರು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮದ್ದು ಶುರುವಾದ ಮೂರನೆಯದೋ ನಾಲ್ಕನೆಯದೋ ವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ರಾಗಿ ಮುದ್ದೆ, ಹುರುಳಿಕಟ್ಟಿನ ಸಾರು. ಎಂದಿನಂತೆ ಒಂದು ಮುದ್ದೆ ಬಡಿಸಿಕೊಂಡವಳು ಅರ್ಧ ಮುಗಿಸಿ, ಉಳಿದರ್ಧದ ಪಕ್ಕ ಬೆರಳಿಟ್ಟುಕೊಂಡು ಸುಮ್ಮನೆ ಕುಳಿತಳು. ಹುಷಾರಿಲ್ಲವೇನಮ್ಮ ಎಂದು ಕೇಳಿದೆ. 'ಇಲ್ಲ ಕಣಣ್ಣ, ಸಾಕು ಅನ್ನಿಸ್ತಿದೆ' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಸಾಕು ಅನ್ನೋದು ಹಿಂಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ' ಎಂದಳು. ಊಟ ಮುಗಿಸಿ ಕೈ ತೊಳೆಯುವಾಗಲೇ ರಾತ್ರಿಗೇನು ಎಂಬ ಯೋಚನೆ ಹತ್ತಿಕೊಳ್ಳುತ್ತಿತ್ತು, ಡಬ್ಬಿಯಲ್ಲಿ ಕೋಡುಬಳೆ ಇದೆಯೆಂದು ಗೊತ್ತಿದ್ದರೆ ಅದು ಖಾಲಿಯಾಗುವ ತನಕ ನಿದ್ದೆ ಬರುತ್ತಿರಲಿಲ್ಲ ಎಂದು ಅವಳು ಆವತ್ತು ಹೇಳಿದಾಗ, ಅವಳ ಜೊತೆ ಒಂದೇ ಮನೆಯಲ್ಲಿ ಉಂಡು ಬೆಳೆದ ನನಗೆ, ಅವಳ ಹಸಿವು ನನ್ನ ಹಸಿವಿನಂಥದ್ದಲ್ಲ ಎಂಬುದು ಮೊದಲ ಬಾರಿಗೆ ತಿಳಿಯಿತು.

ಹಸಿವನ್ನೂ ತೃಪ್ತಿಯನ್ನೂ ನಡೆಸುವುದು ಕರುಳು ಮತ್ತು ಮಿದುಳಿನ ನಡುವಿನ ಸಂದೇಶಗಳು. ಉಂಡದ್ದು ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇನ್ಸುಲಿನ್ ಹೆಚ್ಚು ಬಿಡುವಂತೆ ಅದು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಮಿದುಳಿನ ಹೈಪೊಥಲಾಮಸ್‌ಗೂ ಮಿದುಳುಕಾಂಡಕ್ಕೂ ಹೊಟ್ಟೆ ತುಂಬಿದ ಸುದ್ದಿ ಮುಟ್ಟಿಸುತ್ತದೆ. ಆದರೆ ದೇಹದಲ್ಲಿ ಸಹಜವಾಗಿ ಹುಟ್ಟುವ ಈ ಹಾರ್ಮೋನಿನ ಆಯಸ್ಸು ತೀರಾ ಕಡಿಮೆ. ಡಿಪಿಪಿ-4 ಎಂಬ ಕಿಣ್ವ ಒಂದೆರಡು ನಿಮಿಷದಲ್ಲೇ ಅದನ್ನು ತುಂಡರಿಸುತ್ತದೆ. ಸೆಮಾಗ್ಲುಟೈಡ್ ಎಂಬ ಮದ್ದನ್ನು ಇದೇ ಹಾರ್ಮೋನಿನ ಹೋಲಿಕೆಯಲ್ಲಿ ತಯಾರಿಸಲಾಗಿದೆ. ಕಿಣ್ವಕ್ಕೆ ಸುಲಭವಾಗಿ ತುತ್ತಾಗದಂತೆ ಅದರ ರಚನೆಯನ್ನು ಕೊಂಚ ಬದಲಿಸಿ, ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುವಂತೆ ಕೊಬ್ಬಿನಾಮ್ಲದ ಒಂದು ಸರಪಳಿಯನ್ನು ಜೋಡಿಸಿರುವುದರಿಂದ ಅದರ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು ಒಂದು ವಾರಕ್ಕೆ ಹಿಗ್ಗಿದೆ. ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವುದು ಅದಕ್ಕೇ. ತಂಗಿ ತೆಗೆದುಕೊಳ್ಳುತ್ತಿರುವ ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಇಂಥ ಮದ್ದುಗಳಿಂದ ಹಸಿವು ತಗ್ಗುತ್ತದೆ, ಉಣ್ಣುವುದು ಕಡಿಮೆಯಾಗುತ್ತದೆ, ಕಡಿಮೆಯಾದಷ್ಟನ್ನು ದೇಹ ತನ್ನ ಕೊಬ್ಬಿನ ದಾಸ್ತಾನಿನಿಂದ ತೆಗೆದು ಖರ್ಚು ಮಾಡುತ್ತದೆ. ತೂಕ ಇಳಿಯುವುದು ಮುಖ್ಯವಾಗಿ ಹೀಗೆ.

ಹಾಗಾದರೆ ಮದ್ದಿಲ್ಲದೆ ಕಡಿಮೆ ಉಂಡರೂ ಅದೇ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಕೆಲವರಿಗೆ ಆಗುತ್ತದೆ, ಆದವರನ್ನು ನೋಡಿಯೂ ಇದ್ದೇನೆ. ಆದರೆ ಬಹಳ ಜನರ ವಿಷಯದಲ್ಲಿ ದೇಹವೇ ಎದುರು ನಿಲ್ಲುತ್ತದೆ. ಕೊಬ್ಬಿನ ಕೋಶಗಳು ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ ಎಂಬುದು 1994ರಲ್ಲಿ ತಿಳಿಯಿತು. ಹೊಟ್ಟೆಯಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ 1999ರಲ್ಲಿ ಪತ್ತೆಯಾಯಿತು. ಪಥ್ಯ ಮಾಡಿ ತೂಕ ಇಳಿಸಿದಾಗ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ, ದೇಹ ದಿನವೂ ಸುಡುವ ಶಕ್ತಿಯ ಪ್ರಮಾಣವೂ ತಗ್ಗುತ್ತದೆ. ಬರಗಾಲ ಬಂದಿದೆ ಎಂದುಕೊಂಡ ದೇಹ ಕಳೆದುಹೋದ ದಾಸ್ತಾನನ್ನು ಮತ್ತೆ ತುಂಬಿಸಿಕೊಳ್ಳಲು ಹಟ ಹಿಡಿಯುತ್ತದೆ. ಹೀಗೆ ದಿನಕ್ಕೆ ಹತ್ತಾರು ಸಲ ಕೂಗುವ ಹಸಿವನ್ನು ವರ್ಷಗಟ್ಟಲೆ ತಡೆದುಕೊಳ್ಳಬೇಕಾದವರಿಗೆ, ಆ ಕೂಗೇ ಕೇಳಿಸದ ನಾವು ಸಂಯಮದ ಪಾಠ ಹೇಳುವುದು ಯಾವ ನ್ಯಾಯ?

ಈ ಮದ್ದುಗಳು ಬಂದ ದಾರಿಯೂ ಸ್ವಾರಸ್ಯವಾದದ್ದು. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ, ನಮ್ಮ ಉಡಕ್ಕಿಂತ ಚಿಕ್ಕದಾದ ವಿಷಕಾರಿ ಹಲ್ಲಿಯೊಂದಿದೆ. ವರ್ಷದಲ್ಲಿ ಕೆಲವೇ ಸಲ ತಿಂದು ಬದುಕುವ ಪ್ರಾಣಿ ಅದು. ಅದರ ವಿಷದಲ್ಲಿ ಜಿಎಲ್‌ಪಿ-1 ಅನ್ನು ಹೋಲುವ, ಆದರೆ ಬೇಗ ನಾಶವಾಗದ ಪದಾರ್ಥವೊಂದನ್ನು ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಅದರಿಂದ ಬೆಳೆದ ಎಕ್ಸೆನಟೈಡ್‌ಗೆ ಸಕ್ಕರೆ ಕಾಯಿಲೆಯ ಮದ್ದಾಗಿ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಸಕ್ಕರೆಗೆಂದು ಕೊಟ್ಟವರಲ್ಲಿ ತೂಕವೂ ಇಳಿಯುವುದನ್ನು ಕಂಡ ಮೇಲೆ ಲಿರಾಗ್ಲುಟೈಡ್ 2014ರಲ್ಲಿ, ಸೆಮಾಗ್ಲುಟೈಡ್ 2021ರಲ್ಲಿ, ಟಿರ್ಜೆಪಟೈಡ್ 2023ರಲ್ಲಿ ಬೊಜ್ಜಿನ ಚಿಕಿತ್ಸೆಗೆಂದೇ ಅಲ್ಲಿ ಮಂಜೂರಾದವು. ನಮ್ಮ ದೇಶದ ಮಾರುಕಟ್ಟೆಗೆ ಟಿರ್ಜೆಪಟೈಡ್ 'ಮೌಂಜಾರೊ' ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ, ಬೊಜ್ಜಿನ ಚಿಕಿತ್ಸೆಯ ಸೆಮಾಗ್ಲುಟೈಡ್ 'ವೆಗೋವಿ' ಎಂಬ ಹೆಸರಿನಲ್ಲಿ ಅದೇ ಜೂನ್‌ನಲ್ಲಿ ಬಂದವು.

ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೆ ದೊಡ್ಡ ಪರೀಕ್ಷೆಗಳ ಉತ್ತರವಿದೆ. 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆಯಿಲ್ಲದ 1,961 ಜನರಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು, ಮದ್ದಿಲ್ಲದ ಸೂಜಿ ಪಡೆದವರದು ಶೇ 2.4ರಷ್ಟು. ಎರಡೂ ಗುಂಪಿನವರಿಗೆ ಊಟದ ಮತ್ತು ವ್ಯಾಯಾಮದ ಸಲಹೆ ಸಮನಾಗಿ ಸಿಕ್ಕಿತ್ತು ಎಂಬುದನ್ನು ಗಮನಿಸಬೇಕು. ಮರುವರ್ಷದ ಇನ್ನೊಂದು ಪರೀಕ್ಷೆಯಲ್ಲಿ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್ ಪಡೆದವರ ತೂಕ 72 ವಾರಗಳಲ್ಲಿ ಸರಾಸರಿ ಶೇ 20.9ರಷ್ಟು ಇಳಿಯಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ತಂಗಿ ಈಗ 83 ಕಿಲೋ ಇದ್ದಾಳೆ. ಹದಿಮೂರು ಕಿಲೋ ಇಳಿದದ್ದು ಟಿ.ವಿ.ಯಲ್ಲಿ ತೋರಿಸುವಂಥ ಪವಾಡವೇನಲ್ಲ. ಆದರೆ ಅವಳು ಈಗ ಬಸ್ಸಿನ ಕಂಬಿ ಹಿಡಿದು ಒಬ್ಬಳೇ ಹತ್ತುತ್ತಾಳೆ, ಬಿ.ಪಿ. ಮಾತ್ರೆ ಎರಡಿದ್ದದ್ದು ಒಂದಾಗಿದೆ.

ಹಿಂದಿನ ಅನುಭವದಿಂದ ಹೆದರುವ ಹಿರಿಯ ವೈದ್ಯರನ್ನೂ ಕಂಡಿದ್ದೇನೆ, ಅವರ ಹೆದರಿಕೆ ನಿರಾಧಾರವಲ್ಲ. ಹಸಿವು ಕುಗ್ಗಿಸಲು ಕೊಡುತ್ತಿದ್ದ ಫೆನ್‌ಫ್ಲುರಮೈನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ಗೊತ್ತಾಗಿ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡ ಸಿಬುಟ್ರಮೈನ್ ಎಂಬ ಇಂಥದೇ ಇನ್ನೊಂದು ಮದ್ದನ್ನು ನಮ್ಮ ಸರ್ಕಾರವೇ 2011ರಲ್ಲಿ ನಿಷೇಧಿಸಿತು. ಹೊಸ ಮದ್ದುಗಳ ವಿಷಯದಲ್ಲಿ ಈವರೆಗಿನ ಸಾಕ್ಷ್ಯ ಬೇರೆ ದಿಕ್ಕಿನಲ್ಲಿದೆ. ತೂಕ ಹೆಚ್ಚಿದ್ದು ಹೃದ್ರೋಗವೂ ಇದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದ 17,604 ಜನರ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಶೇ 20ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾಗಿದೆ. ಹಾಸನದವರಾದ ನಮಗೆ ಇದು ದೂರದ ಸುದ್ದಿಯಲ್ಲ. 2025ರ ಮೇ, ಜೂನ್ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದು, ಸರ್ಕಾರ ಪರಿಶೀಲನೆಗೆ ಸಮಿತಿ ನೇಮಿಸಿ, ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತದ್ದನ್ನು ಯಾರೂ ಮರೆತಿಲ್ಲ.

ಆದರೂ ಇದನ್ನು ಹುಡುಗಾಟದ ಮದ್ದೆಂದು ಯಾರೂ ತಿಳಿಯಬಾರದು. ತಂಗಿಗೆ ಮದ್ದು ಬರೆದವರು ಅವಳು ಮೊದಲಿಂದ ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಕಡಿಮೆ ಮಾಡುವುದನ್ನು ಮರೆತಿದ್ದರು. ಗ್ಲಿಮೆಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುವ ಮಾತ್ರೆ. ಊಟ ಅರ್ಧಕ್ಕಿಳಿದ ಮೇಲೂ ಅದನ್ನು ಹಳೆಯ ಲೆಕ್ಕದಲ್ಲೇ ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಎರಡನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಲೆಯ ಮುಂದೆ ನಿಂತಿದ್ದವಳಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಕಣ್ಣು ಮಂಜಾಯಿತು. ಮಗಳು ಮನೆಯಲ್ಲಿದ್ದುದರಿಂದ ಬೆರಳು ಚುಚ್ಚಿ ನೋಡಿದಳು. ಸಕ್ಕರೆ 52 ಇತ್ತು. ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ಮಾತ್ರೆ ನಿಂತಿತು. ಇನ್ಸುಲಿನ್ ಅಥವಾ ಇಂಥ ಮಾತ್ರೆ ತೆಗೆದುಕೊಳ್ಳುವವರು ಹೊಸ ಮದ್ದು ಶುರುಮಾಡುವ ದಿನವೇ ಹಳೆಯದರ ಲೆಕ್ಕವನ್ನು ವೈದ್ಯರ ಬಳಿ ಬಾಯಿಬಿಟ್ಟು ಕೇಳಬೇಕು.

ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಇವು ಸಾಮಾನ್ಯ, ಮುಖ್ಯವಾಗಿ ಡೋಸ್ ಏರಿಸುವ ವಾರಗಳಲ್ಲಿ. ಅದಕ್ಕೇ ಸಣ್ಣ ಡೋಸಿನಿಂದ ಶುರುಮಾಡಿ, ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿದಂತೆ ಏರಿಸುತ್ತಾರೆ. ಪಿತ್ತಕೋಶದ ಕಲ್ಲು ಉಂಟು. ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಉಂಟು, ಹೊಟ್ಟೆಯ ತೀವ್ರ ನೋವು ಬೆನ್ನಿಗೆ ಹಬ್ಬಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಇದನ್ನು ಮುಟ್ಟಬಾರದು. ಬಸುರಿಯರಿಗೆ ಸಲ್ಲದು, ಮಗು ಬೇಕೆನ್ನುವವರು ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಹೇಳಲೇಬೇಕು, ಜಠರದಲ್ಲಿ ಆಹಾರ ಹೆಚ್ಚು ಹೊತ್ತು ಉಳಿದಿರುತ್ತದೆ.

ನಮ್ಮ ಮನೆಗಳಲ್ಲಿ ಯಾರೂ ಎಣಿಸದ ಇನ್ನೊಂದು ವಿಷಯವಿದೆ. ಊಟ ಚಿಕ್ಕದಾದಾಗ ತಟ್ಟೆಯಲ್ಲಿ ಏನಿದೆ ಎಂಬುದು ಮೊದಲಿಗಿಂತ ಹೆಚ್ಚು ಮುಖ್ಯವಾಗುತ್ತದೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವಿನ ಪಾಲೂ ಇರುತ್ತದೆ, ಸ್ನಾಯು ಕರಗಿದರೆ ವಯಸ್ಸಾದವರು ಮುಗ್ಗರಿಸಿ ಬೀಳುತ್ತಾರೆ. ಅನ್ನ ತಿಳಿಸಾರು, ಉಪ್ಪಿಟ್ಟು, ಅಕ್ಕಿ ರೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಂಡು ರೂಢಿಯಿದ್ದವರು ಅದನ್ನೇ ಅರ್ಧ ಉಂಡರೆ ಪ್ರೋಟೀನು ಎಲ್ಲಿಂದ ಬರಬೇಕು? ತಂಗಿ ಈಗ ಮೊದಲು ಮೊಳಕೆ ಹುರುಳಿಯ ಪಲ್ಯವನ್ನೋ ಬೇಯಿಸಿದ ಮೊಟ್ಟೆಯನ್ನೋ ತಿಂದು ಮುಗಿಸಿ, ಆಮೇಲೆ ದೊಡ್ಡ ನಿಂಬೆಹಣ್ಣಿನಷ್ಟು ಮುದ್ದೆ ಹಾಕಿಸಿಕೊಳ್ಳುತ್ತಾಳೆ. ಅವರೆಕಾಳಿನ ಕಾಲದಲ್ಲಿ ಹಿತಕಿದ ಅವರೆ ಅವಳ ಮುಖ್ಯ ಊಟವೇ ಆಗಿತ್ತು. ಬೆಳಿಗ್ಗೆ ಎರಡು ಲೀಟರ್ ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಳಿಸುತ್ತಾಳೆ. ಇದನ್ನು ಕಲಿಸಿದ್ದು ಆಹಾರ ತಜ್ಞೆಯೊಬ್ಬರು. ಆದರೆ ಅವರನ್ನು ನಾವೇ ವಿಚಾರಿಸಿ ಹುಡುಕಿಕೊಂಡು ಹೋಗಬೇಕಾಯಿತು.

ಮದ್ದು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಶುರುಮಾಡುವ ಮೊದಲೇ ತಿಳಿದಿರಬೇಕು. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ, ಇಳಿಸಿದ್ದ ತೂಕದ ಮೂರರಲ್ಲಿ ಎರಡು ಪಾಲನ್ನು ಮತ್ತೆ ಪಡೆದುಕೊಂಡರೆಂದು ಪರೀಕ್ಷೆಯ ಮುಂದುವರಿಕೆಯಲ್ಲಿ ಕಂಡಿದೆ. ಇದನ್ನು ಹಿಡಿದುಕೊಂಡು ಮದ್ದೇ ಸುಳ್ಳೆಂದು ಹೇಳುವವರು, ಬಿ.ಪಿ. ಮಾತ್ರೆ ಬಿಟ್ಟರೆ ಬಿ.ಪಿ. ಏರುವುದನ್ನು ನೆನಪಿಸಿಕೊಳ್ಳಲಿ. ಮಗಳ ಮದುವೆಗೆ ಮೂರು ತಿಂಗಳಿದೆ, ಅಷ್ಟರಲ್ಲಿ ಹತ್ತು ಕಿಲೋ ಇಳಿಸಿಕೊಳ್ಳೋಣ ಎಂಬಂಥ ಲೆಕ್ಕಕ್ಕೆ ಇದು ತಕ್ಕದ್ದಲ್ಲ.

ಬೆಲೆಯ ಮಾತಿಗೆ ಬಂದರೆ ಮನಸ್ಸು ಭಾರವಾಗುತ್ತದೆ. ಟಿರ್ಜೆಪಟೈಡ್ ನಮ್ಮಲ್ಲಿಗೆ ಬಂದಾಗ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂ ಸೀಸೆಗೆ 4,375 ರೂಪಾಯಿ ಇತ್ತು; ವಾರಕ್ಕೊಂದರಂತೆ ತಿಂಗಳಿಗೆ ನಾಲ್ಕು ಬೇಕಿತ್ತು. ತಂಗಿ, ಭಾವ ಇಬ್ಬರೂ ಸಂಬಳದಲ್ಲಿರುವುದರಿಂದ ಹೇಗೋ ನಡೆಯುತ್ತಿದೆ. ಅವಳಷ್ಟೇ ತೂಕ, ಅವಳಷ್ಟೇ ಮಂಡಿ ನೋವು ಇರುವ, ಸಕಲೇಶಪುರದ ಕಡೆಯ ತೋಟಗಳಿಗೆ ದಿನಗೂಲಿಗೆ ಹೋಗುವ ಹೆಂಗಸಿಗೆ ಇದು ಕನಸಿನಲ್ಲೂ ಸಿಗುವಂಥದ್ದಲ್ಲ. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ಗೆ ಮುಗಿಯುವಂಥದ್ದು. ಅಲ್ಲಿಂದಾಚೆಗೆ ದೇಶದ ಇತರ ಕಂಪನಿಗಳೂ ಅದನ್ನು ತಯಾರಿಸಿ ಕಡಿಮೆ ಬೆಲೆಗೆ ಮಾರಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಈ ಗುಂಪಿನ ಮದ್ದುಗಳನ್ನು, ಸಕ್ಕರೆ ಕಾಯಿಲೆಯ ಜೊತೆಗೆ ಹೃದಯದ ಅಥವಾ ಮೂತ್ರಪಿಂಡದ ತೊಂದರೆಯೂ ಬೊಜ್ಜೂ ಇರುವವರಿಗೆಂದು, ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಬೆಲೆ ಇಳಿಯುವುದು ನನಗೆ ಸಂತೋಷವೇ. ಆದರೆ ಅಗ್ಗವಾದದ್ದು ಅಂಕೆ ತಪ್ಪಿ ಹರಡುವುದೂ ಉಂಟು. ನಮ್ಮ ಬೀದಿಯ ಇಪ್ಪತ್ನಾಲ್ಕರ ಹುಡುಗಿಯೊಬ್ಬಳಿಗೆ, ಬೊಜ್ಜೆಂದು ಹೇಳುವಷ್ಟು ತೂಕವೇ ಇಲ್ಲದವಳಿಗೆ, ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಅಂಗಡಿಯೊಂದರಲ್ಲಿ ಚೀಟಿ ಕೇಳದೆ ಇದನ್ನು ಕೊಟ್ಟುಬಿಟ್ಟಿದ್ದರು. ನಾಲ್ಕು ದಿನ ನೀರೂ ನಿಲ್ಲದೆ ವಾಂತಿಯಾಗಿ, ಡ್ರಿಪ್ ಹಾಕಿಸಬೇಕಾಯಿತು. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಬೊಜ್ಜು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ತಡೆಯುತ್ತದೆ; ಹಾಗಿದ್ದೂ ತೂಕ ಇಳಿಸುವ ಪುಡಿ, ಕಷಾಯಗಳ ಕರಪತ್ರಗಳು ಬಸ್ ನಿಲ್ದಾಣದ ಕಂಬಗಳಲ್ಲಿ ಅಂಟಿಕೊಂಡೇ ಇವೆ.

ಮಲೆನಾಡಿನ ಓದುಗರಿಗಾಗಿ ಇನ್ನೊಂದು ಮಾತು. ಈ ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಆಷಾಢದ ಮಳೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವುದು ಹೊಸದಲ್ಲ. ಅಂಥ ಊರಿನವರು ಮೂರು ತಿಂಗಳಿಗೆ ಆಗುವಷ್ಟನ್ನು ಒಮ್ಮೆಗೇ ತಂದಿಡಬಾರದು. ಫ್ರಿಜ್ ಇಲ್ಲದೆ ಎಷ್ಟು ದಿನ ತಡೆಯುತ್ತದೆಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಓದಿಕೊಳ್ಳಬೇಕು. ಐಸಿಗೆ ತಾಗುವಂತೆಯೂ ಫ್ರೀಜರಿನಲ್ಲೂ ಇಡಬಾರದು.

ಸಂಪಾದಕರೇ, ತಮ್ಮ ಪತ್ರಿಕೆಯ ಮೂಲಕ ಜಿಲ್ಲಾ ಆರೋಗ್ಯ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆಯಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳಿಗೆಂದಿರುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಬಿ.ಪಿ., ಸಕ್ಕರೆ ನೋಡುತ್ತಾರೆ. ಅಲ್ಲಿಯೇ ಸೊಂಟದ ಸುತ್ತಳತೆಯನ್ನೂ ತಪ್ಪದೆ ಅಳೆದು ಚೀಟಿಯಲ್ಲಿ ಬರೆಯುವಂತಾಗಲಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು, ಅದಕ್ಕೆ ದರ್ಜಿಯ ಟೇಪು ಸಾಕು. ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೂ ಚಿಕ್ಕಮಗಳೂರಿನದರಲ್ಲೂ ವಾರಕ್ಕೆ ಒಂದು ದಿನವಾದರೂ ಬೊಜ್ಜಿಗೆಂದೇ ಹೊರರೋಗಿ ವಿಭಾಗ ನಡೆದು, ವೈದ್ಯರ ಪಕ್ಕದಲ್ಲೇ ಒಬ್ಬ ಆಹಾರ ತಜ್ಞರು ಕೂತಿರಲಿ. ಮದ್ದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಆ ಕೋಣೆಯಲ್ಲಿ ತೀರ್ಮಾನವಾಗಲಿ. ಅಲ್ಲಿಗೆ ಬಂದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಸಾಲಿನಲ್ಲಿ ಕೂತವರಿಗೆಲ್ಲ ಕೇಳಿಸುವಂತೆ ಕಿಲೋ ಕೂಗಿ ಹೇಳುವ ಪದ್ಧತಿಯೊಂದು ನಿಲ್ಲಲಿ. ತಂಗಿ ಆರು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತದಿರಲು ಕಾರಣ ಅದೇ ಆಗಿತ್ತು.

ಇತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಹಾಸನ